ನಮ್ಮ ಮನೆಯಲ್ಲಿ ಪೆಟ್ಟಿಗೆ ನುಡಿಸುವ ಗಂಡಸು

ಹೊಸೂರು
೨೪-೫-೧೯೮೮, ಮಂಗಳವಾರ

ಯಜಮಾನರಿಗೆ,

ನಿಮ್ಮ ಜಲಜ ಮಾಡುವ ನಮಸ್ಕಾರ. ಕಾಗದದ ಮೊದಲಿಗೆ ಕ್ಷೇಮ ಸಮಾಚಾರ ಬರೆಯುವುದು ವಾಡಿಕೆ. ನಾನು ಸಿಟ್ಟಿನಲ್ಲಿದ್ದೇನೆ. ನೀವು ಚೆನ್ನಾಗಿದ್ದೀರಿ ಎಂದು ಬೇರೆಯವರಿಂದ ತಿಳಿದಿದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಕೈಸೇರಿತು. ಮುನಿಸಿಕೊಂಡು ಕೃಷ್ಣಗಿರಿಗೆ ಹೋಗಿ ತಂಗಿ ತುಳಸಮ್ಮನ ಮನೆ ಸೇರಿದ ಮೇಲೆ ನೀವು ಬರೆದ ಮೊದಲ ಕಾಗದ. ಬಿಡಿಸಿ ನೋಡಿದರೆ ಇದ್ದದ್ದು ಒಂದೇ ಸಾಲು: ‘ನಾನಿಲ್ಲದಾಗ ನನ್ನ ಮನೆಯಲ್ಲಿ ದಿನಾ ಬೆಳಿಗ್ಗೆ ಹಾರ್ಮೋನಿಯಂ ನುಡಿಸುತ್ತಿರುವ ಗಂಡಸು ಯಾರು?’ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಬೇರೆ. ಸ್ಕೂಲಿನಿಂದ ರಿಟೈರ್ ಆದರೂ ನಿಮ್ಮ ಕೆಂಪು ಪೆನ್ನು ರಿಟೈರ್ ಆಗಲಿಲ್ಲ.

ಉತ್ತರ ಬರೆಯುತ್ತೇನೆ. ಆದರೆ ಒಂದು ಸಾಲಿಗೆ ಒಂದು ಸಾಲಿನಲ್ಲೇ ಉತ್ತರ ಕೊಟ್ಟರೆ ನೀವು ನಂಬುವುದಿಲ್ಲ. ಅದಲ್ಲದೆ, ನಾನು ಬೀದಿಯವರನ್ನೆಲ್ಲ ಕರೆದು ಕೂರಿಸಿಕೊಂಡು ಗಂಡನ ಮರ್ಯಾದೆ ಕಳೆದೆ ಎಂದು ನೀವು ತುಳಸಮ್ಮನಿಗೆ ಹೇಳಿದ್ದೀರಂತೆ. ಅವಳೇ ನನಗೆ ಬರೆದಿದ್ದಾಳೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನೆರಳಿನಲ್ಲಿ ಕೂತು ಪೂರ್ತಿ ಓದಿ.

ನನ್ನ ತಮ್ಮ ಗುಂಡಣ್ಣ ಆ ವಸ್ತುವನ್ನು ನಮ್ಮ ಮನೆಗೆ ತಂದದ್ದು ನಿಮ್ಮನ್ನು ಕೆಣಕುವುದಕ್ಕಲ್ಲ. ಅವನ ಫ್ಯಾಕ್ಟರಿಗೆ ಮಿಷನ್ ಜೋಡಿಸಲು ಬಂದಿದ್ದ ಜರ್ಮನಿಯ ಇಂಜಿನಿಯರು ಊರಿಗೆ ಹೊರಡುವಾಗ ತನ್ನ ಹವ್ಯಾಸದ ಸಾಮಾನನ್ನೆಲ್ಲ ಇವನಿಗೆ ಕೊಟ್ಟುಹೋದ. ಅವು ಕೆಲಸ ಮಾಡಬೇಕಾದರೆ ಟೀವಿ ಬೇಕು. ಗುಂಡಣ್ಣನ ಕೋಣೆಯಲ್ಲಿ ಟೀವಿ ಇಲ್ಲ, ನಮ್ಮ ನಡುಮನೆಯಲ್ಲಿದೆ. ಕಾರಣ ಅಷ್ಟೇ.

ಅವನು ಸೈಕಲ್ಲಿನ ಮೇಲೆ ಅದನ್ನು ತಂದ ಶನಿವಾರ ನಿಮ್ಮ ಭಜನಾ ಮಂಡಳಿಯವರೆಲ್ಲ ಆಗಲೇ ಬಂದು ಕೂತಿದ್ದರು. ಚೀಲದಿಂದ ತೆಗೆದದ್ದು ಊಟದ ಮಣೆಗಿಂತ ಸ್ವಲ್ಪ ಉದ್ದದ, ಹಗುರವಾದ ಒಂದು ಹಲಗೆ. ಅದರ ಮೇಲೆ ನಿಮ್ಮ ಹಾರ್ಮೋನಿಯಂನಲ್ಲಿರುವಂಥ ಬಿಳಿ ಕರಿ ಮನೆಗಳು, ಹಿಂದುಗಡೆ ಬಾಲದಂತೆ ಒಂದು ವಯರು. ತಿದಿ ಇಲ್ಲ, ರೀಡು ಇಲ್ಲ, ಸದ್ದು ಹೊರಗೆ ಬರಲು ಒಂದು ತೂತೂ ಇಲ್ಲ. ಇದರಲ್ಲಿ ವೀಣೆ, ಪಿಟೀಲು, ಕೊಳಲು, ಮೃದಂಗ ಎಲ್ಲ ಬರುತ್ತದೆ ಎಂದು ಅವನು ಹೇಳಿದಾಗ ನೀವು ಒಂದು ಮನೆ ಒತ್ತಿದಿರಿ. ಸದ್ದಿಲ್ಲ. ಎಲ್ಲ ಮನೆಗಳನ್ನೂ ಸಾಲಾಗಿ ಒತ್ತಿದಿರಿ. ಅದು ತುಟಿಪಿಟಕ್ಕೆನ್ನಲಿಲ್ಲ.

“ಏನೋ ಗುಂಡಣ್ಣ, ಇದಕ್ಕೆ ಬಾಯೇ ಇಲ್ವಲ್ಲೋ!” ಎಂದಿರಿ.

“ಭಾವ, ಇದು ಬರೀ ಬೆರಳಿಗೆ. ಇದರ ಬಾಯಿ ಕಂಪ್ಯೂಟರಲ್ಲಿದೆ. ಅದನ್ನ ನಾಳೆ ತರ್ತೀನಿ. ಎರಡನ್ನೂ ಕನೆಕ್ಟ್ ಮಾಡಿದ್ರೆ ಹಾಡುತ್ತೆ” ಎಂದ ಪಾಪ.

“ಬೆರಳು ಇವತ್ತು, ಬಾಯಿ ನಾಳೆ. ಹೊಟ್ಟೆ ಯಾವತ್ತಪ್ಪ?” ಎಂದು ನೀವು ಕೇಳಿ, ಅದಕ್ಕೆ ‘ಮೂಗ ಹಲಗೆ’ ಎಂದು ನಾಮಕರಣ ಮಾಡಿದಿರಿ. ಮಂಡಳಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನ ನನ್ನ ತಮ್ಮ ಅವಮಾನವಾಯಿತೆಂದು ಯಾರ ಮನೆಗೂ ಓಡಿಹೋಗಲಿಲ್ಲ. ಇದನ್ನು ನೆನಪಿನಲ್ಲಿಡಿ.

ಮರುದಿನ ಸಂಜೆ ಕಂಪ್ಯೂಟರು ಬಂತು. ಟೈಪ್‌ರೈಟರಿನ ಮುಖವನ್ನಷ್ಟೇ ಕತ್ತರಿಸಿ ಇಟ್ಟಂತಿತ್ತು. ಯಾರನ್ನೂ ನಾನು ಕರೆಯಲಿಲ್ಲ. ಮೂಗ ಹಲಗೆ ಮಾತಾಡುತ್ತದೋ ಇಲ್ಲವೋ ನೋಡಲು ಅವರೇ ಬಂದರು. ಗುಂಡಣ್ಣ ಟೀವಿಗೆ, ಟೇಪ್ ರೆಕಾರ್ಡರಿಗೆ, ಹಲಗೆಗೆ ವಯರು ಸಿಕ್ಕಿಸಿ, ಕಂಪ್ಯೂಟರಿಗೆ ಪಾಠ ಒಪ್ಪಿಸುವ ಒಂದು ಕ್ಯಾಸೆಟ್ ಹಾಕಿದ. ಕಬ್ಬಿಣದ ಬಾಣಲೆಯನ್ನು ಕಲ್ಲಿನ ಮೇಲೆ ಎಳೆದಾಡಿದ ಹಾಗೆ ಅದು ಕಿರುಚಿತು. ‘ಇದೇ ಏನೋ ನಿನ್ನ ಪಿಟೀಲು’ ಎಂದಿರಿ. ಕಿರುಚಾಟ ನಿಂತ ಮೇಲೆ ಗುಂಡಣ್ಣ ನಿಮ್ಮ ಕಾಲು ಮುಟ್ಟಿ, “ಭಾವ, ಮೊದ್ಲು ನೀವೇ ನುಡಿಸ್ಬೇಕು” ಎಂದ. ಗೌರವ ಕೊಟ್ಟೇ ಕೂರಿಸಿದ.

ನೀವು ಕೂತಿರಿ. ಬಲಗೈ ಮನೆಗಳ ಮೇಲೆ ಹೋಯಿತು. ಎಡಗೈ ಎಂದಿನಂತೆ ತಿದಿಗೆ ಹೋಯಿತು. ಅಲ್ಲಿ ತಿದಿ ಇರಲಿಲ್ಲ. ಟೀವಿಯಿಂದ ಸ್ವರ ಹೊರಟ ಕೂಡಲೇ ನೀವು ಬೆಚ್ಚಿಬಿದ್ದಿರಿ, ಆದರೆ ಎಡಗೈ ಬರೀ ಗಾಳಿಯನ್ನೇ ಒತ್ತುತ್ತಲೇ ಇತ್ತು. ಹಾಡು ಜೋರಾದಂತೆ ಅದೂ ಜೋರಾಯಿತು. ಹಿಂದೆ ಕೂತವರಿಗೆ ನೀವು ಕಣ್ಣಿಗೆ ಕಾಣದ ಯಾವುದೋ ಎಮ್ಮೆಯ ಬೆನ್ನು ತಟ್ಟುತ್ತಿರುವ ಹಾಗೆ ಕಾಣುತ್ತಿತ್ತು. ಕಾಫಿ ಹೋಟೆಲಿನ ದಾಸಪ್ಪ ಬಾಯಿಗೆ ಟವೆಲ್ಲು ತುರುಕಿಕೊಂಡ. ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ನನ್ನ ನಗುವೇ ದೊಡ್ಡದಾಗಿತ್ತು ಎಂದು ತುಳಸಮ್ಮನಿಗೆ ಹೇಳಿದ್ದೀರಂತೆ. ನಿಜ. ಮದುವೆಯಾದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು. ಯಾಕೆ ಎಂದು ಯೋಚನೆ ಮಾಡಬೇಕಾದವರು ನೀವು.

ಆದರೆ ನೀವು ಹೋದದ್ದು ನಗುವಿಗಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ತುಳಸಮ್ಮನಿಗೆ ಆ ಭಾಗ ಹೇಳಿಲ್ಲ ನೀವು. ಜನ ಹೋದ ಮೇಲೆ ನಾನು ಜಮಖಾನ ಮಡಿಸುತ್ತಾ ಆ ಹಲಗೆಯ ಒಂದು ಮನೆ ಒತ್ತಿ ನೋಡಿದೆ. “ಮುಟ್ಬೇಡ” ಎಂದಿರಿ. ಈ ಮನೆಗೆ ಬಂದಾಗಿನಿಂದ ಆ ಮಾತು ಕೇಳಿದ್ದೇನೆ. ಹಾರ್ಮೋನಿಯಂ ಒರೆಸಬಹುದು, ನುಡಿಸಕೂಡದು, ಹೆಂಗಸರ ಕೈಯಲ್ಲಿ ರೀಡು ಹಾಳಾಗುತ್ತದೆ ಎಂದು ನಿಮ್ಮ ಶಾಸ್ತ್ರ. ನಾನು ಯಾವತ್ತೂ ಎದುರಾಡಿರಲಿಲ್ಲ. ಆ ದಿನ ಮಾತ್ರ, “ಇದರಲ್ಲಿ ರೀಡೇ ಇಲ್ವಲ್ರೀ” ಎಂದು ಇನ್ನೊಂದು ಮನೆ ಒತ್ತಿದೆ.

ಬೆಳಗಾಗುವ ಮೊದಲೇ ನೀವು ಹಾರ್ಮೋನಿಯಂ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹಿಡಿದಿದ್ದಿರಿ. ಹಾಲಿನವನೂ ನೋಡಿರಲಿಲ್ಲ.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ ಕಥೆ.

ಬೆಳಿಗ್ಗೆ ನೀವು ಸಾಧನೆಗೆ ಕೂರುವ ಹೊತ್ತು ಕಳೆಯಿತು. ಸ್ವಲ್ಪ ಹೊತ್ತಿಗೆ ಎದುರು ಮನೆಯ ಕಮಲಮ್ಮ ಬಾಗಿಲಿಗೆ ಬಂದರು. “ಏನಮ್ಮ, ಮೇಷ್ಟ್ರು ಉಸಾರಾಗವ್ರಾ? ಪೆಟ್ಗೆ ಸದ್ದೇ ಇಲ್ಲ. ಅದನ್ನ ಕೇಳ್ಕೊಂಡೇ ನಾನು ಒಲೆ ಹಚ್ಚೋದು. ನಮ್ಮನೇಲಿ ಎಲ್ಲಾ ತಡವಾಗ್ಬುಡ್ತು” ಎಂದರು.

ಗಂಡ ಬಿಟ್ಟುಹೋದ ಎಂದು ಕಮಲಮ್ಮನಿಗೆ ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಜೂಜುವಾಡಿ ಗಡಿ ದಾಟಿ ಕರ್ನಾಟಕಕ್ಕೆ ಸುದ್ದಿ ಮುಟ್ಟುತ್ತದೆ. ನನ್ನ ಬಾಯಿಗೆ ಬಂದದ್ದು, “ಗಂಟಲು ಕಟ್ಟಿದೆ. ಮಾತಾಡ್ತಿಲ್ಲ” ಎಂದು.

“ಗಂಟ್ಲು ಕಟ್ಟುದ್ರೆ ಬೆರಳಿಗೇನಾಯ್ತಮ್ಮ?” ಎಂದರು.

ಹೆಂಗಸಿನ ಬುದ್ಧಿ ಚುರುಕು. “ಮೌನವ್ರತ ಹಿಡಿದಿದ್ದಾರೆ. ಯಾರನ್ನೂ ನೋಡುವುದಿಲ್ಲ. ಪೆಟ್ಟಿಗೆ ಮಾತ್ರ ನಾಳೆಯಿಂದ ನುಡಿಸುತ್ತಾರೆ” ಎಂದುಬಿಟ್ಟೆ. ಬಾಗಿಲು ಮುಚ್ಚಿ ಬಂದು ಗೋಡೆಗೆ ಒರಗಿ ಕೂತೆ. ನಾಳೆ ಯಾರು ನುಡಿಸಬೇಕು?

ಗುಂಡಣ್ಣ ಶಿಫ್ಟ್ ಮುಗಿಸಿ ಮಧ್ಯಾಹ್ನ ಬಂದವನಿಗೆ ವಿಷಯ ಹೇಳಿದೆ. ಅವನು ಹೆದರುತ್ತಾನೆಂದುಕೊಂಡರೆ ಕಣ್ಣರಳಿಸಿದ. “ಅಕ್ಕಾ, ಇದು ನುಡಿಸಿದ್ದನ್ನ ನೆನಪಿಟ್ಕೊಂಡು ತಾನೇ ನುಡಿಸುತ್ತೆ. ನಿಧಾನವಾಗಿ ತಡವರಿಸಿಕೊಂಡು ನುಡಿಸಿದ್ರೂ ಪರ್ವಾಗಿಲ್ಲ, ಆಮೇಲೆ ಸ್ಪೀಡ್ ಜಾಸ್ತಿ ಮಾಡಬಹುದು” ಎಂದ. ನಾನು ಕೂತೆ. ನೀವೇ ಕಟ್ಟಿದ ಮೋಹನ ರಾಗದ ಆ ಮಟ್ಟು ನನ್ನ ಕಿವಿಯಲ್ಲಿ ಮನೆ ಮಾಡಿಕೊಂಡಿದೆ. ಅದನ್ನು ಬೆರಳಿಗೆ ಇಳಿಸುವುದೇ ಕಷ್ಟವಾಯಿತು. ಒಂದೊಂದೇ ಸ್ವರ ಹುಡುಕಿ, ಮಕ್ಕಳು ನೀರಿಗೆ ಕಾಲಿಡುವ ಹಾಗೆ ಮುಂದಕ್ಕೆ ಹೋದೆ. ತಪ್ಪಾದಾಗ ಅದನ್ನಷ್ಟೇ ಅಳಿಸಿ ಮತ್ತೆ ನುಡಿಸಬಹುದು. ಮುಟ್ಟಬೇಡ ಎನ್ನುವವರು ಯಾರೂ ಇರಲಿಲ್ಲ. ನನ್ನ ಬೆರಳಿನ ಕೆಳಗೆ ಮೊದಲ ಸಾಲು ಸರಿಯಾಗಿ ಬಂದಾಗ ಅಡುಗೆಮನೆಯಲ್ಲಿ ಸಾರು ಉಕ್ಕಿ ಒಲೆ ಆರಿಹೋಗಿತ್ತು. ನಾನು ಏಳಲಿಲ್ಲ.

ಯಂತ್ರದೊಳಗೆ ನಾನಾ ಬಗೆಯ ದನಿಗಳಿವೆ. ಹಾರ್ಮೋನಿಯಂ ಇಲ್ಲ. ಹತ್ತಿರದ್ದೊಂದನ್ನು ಆರಿಸಿದೆವು. ನೆಗಡಿಯಾದ ಹಾರ್ಮೋನಿಯಂ ಹಾಗೆ ಕೇಳುತ್ತಿತ್ತು. ಗಂಟಲು ಕಟ್ಟಿದೆ ಎಂದು ಹೇಳಿದ್ದರಿಂದ ಅದೂ ಹೊಂದಿಕೊಂಡಿತು. ನೀವು ಪಲ್ಲವಿ ಮುಗಿಸಿ ನಸ್ಯ ಏರಿಸುತ್ತೀರಲ್ಲ, ಅಲ್ಲಿ ನಸ್ಯಕ್ಕೂ ಒಂದಿಷ್ಟು ಜಾಗ ಬಿಟ್ಟೆ. ಎಲ್ಲವನ್ನೂ ಗುಂಡಣ್ಣ ಆ ಕ್ಯಾಸೆಟ್ಟಿಗೇ ತುಂಬಿಸಿ, ದಿನಾ ಅದನ್ನು ಹಾಕುವುದು ಹೇಗೆಂದು ಹೇಳಿಕೊಟ್ಟ.

ಮರುದಿನ ಬೆಳಿಗ್ಗೆ ನಡುಮನೆಯ ಬಾಗಿಲು ಕಿಟಕಿ ಹಾಕಿ, ಕ್ಯಾಸೆಟ್ ಕಿರುಚಿಸಿ, ನುಡಿಸಲು ಬಿಟ್ಟೆ. ಟೀವಿಯೊಳಗಿಂದ ನೀವು ಬಂದಿರಿ. ಹಾಗೆಯೇ. ಅದೇ ಅವಸರ, ಮೇಲಿನ ಷಡ್ಜದ ಹತ್ತಿರ ಹೋಗಿ ಬೇಕೆಂದೇ ಸತಾಯಿಸುವ ಅದೇ ಗತ್ತು. ಎದುರು ಮನೆಯ ಒಲೆಯಲ್ಲಿ ಹೊಗೆ ಎದ್ದಿತು. ಗೆದ್ದೆ ಎಂದುಕೊಂಡೆ.

ಆಮೇಲೆ ಕಮಲಮ್ಮ ಬಂದರು. “ಮೇಷ್ಟ್ರು ಚೆನ್ನಾಗ್ ನುಡುಸುದ್ರು. ನಶ್ಯಾನೂ ಏರುಸುದ್ರು. ಆದ್ರೆ ಸೀನೇ ಬರ್ಲಿಲ್ವಲ್ಲಮ್ಮ? ಕಾಯ್ಲೆ ಜಾಸ್ತಿಯಾಯ್ತಾ?” ಎಂದು ಕೇಳಿದರು.

ಆದ್ದರಿಂದ ಅದರ ಮರುದಿನದಿಂದ ನಸ್ಯದ ಜಾಗದಲ್ಲಿ ನಾನೇ ಕಿಟಕಿಯ ಹಿಂದೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಗಂಡಸಿನ ದನಿಯಲ್ಲಿ ಸೀನುತ್ತಿದ್ದೆ. ಈ ವಯಸ್ಸಿನಲ್ಲಿ ನಿಮ್ಮ ಮರ್ಯಾದೆ ಉಳಿಸಲು ನಾನು ಏನೇನು ಮಾಡಿದೆ ಎಂಬುದಕ್ಕೆ ಇದೊಂದು ಸಾಕು.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ನನಗೂ ಧೈರ್ಯ ಬಂತು. ಸೀನು ಮುಗಿಸಿ ಬಂದು, ಒಳಗೆ ನೀವು ನುಡಿಸುತ್ತಿರುವಾಗಲೇ ನಾನು ಜಗುಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದೆ. ಹೆಂಡತಿ ಹೊರಗೆ, ಪೆಟ್ಟಿಗೆ ಒಳಗೆ, ಇದಕ್ಕಿಂತ ಸಾಕ್ಷಿ ಬೇಕೇ? ನಿಮ್ಮ ಮೌನವ್ರತದ ಕೀರ್ತಿ ಹಬ್ಬಿತು. ಮಾತು ಬಿಟ್ಟ ಮೇಲೆ ಮೇಷ್ಟ್ರ ಕೈ ಪಳಗಿದೆ, ಶ್ರುತಿ ಒಂದು ಚೂರೂ ಅಲುಗುವುದಿಲ್ಲ ಎಂದು ದಾಸಪ್ಪನ ಹೋಟೆಲಿನಲ್ಲಿ ಮಾತಾಯಿತು.

ಅಷ್ಟರಲ್ಲಿ ಬೇರಿಕೆಯ ಅಶ್ವತ್ಥಪ್ಪ ಬಂದ. ಗೊತ್ತಲ್ಲ, ವಾರಕ್ಕೊಮ್ಮೆ ನಮ್ಮ ಬೀದಿಗೆ ತರಕಾರಿ ಹಾಕುವವನು. ಮಾವಿನಹಣ್ಣು ತರಲು ಕೃಷ್ಣಗಿರಿಗೆ ಹೋಗಿದ್ದನಂತೆ. “ನಿಮ್ಮ ಮೇಷ್ಟ್ರುನ್ನ ಅಲ್ಲಿ ಬಸ್ಟ್ಯಾಂಡ್ ತಾವ ನೋಡ್ದೆ. ಬೋಂಡ ತಿಂತಾ ಕೂತಿದ್ರು. ಒಂದಲ್ಲ, ತಟ್ಟೆ ತುಂಬ” ಎಂದು ಕಮಲಮ್ಮನ ಮುಂದೆ ಹೇಳಿದ.

ಕಮಲಮ್ಮ ಕೆರಳಿದರು. “ಯಾವತ್ತ್ಲಾ ನೋಡ್ದೆ?”

“ಶುಕ್ರವಾರ ಬೆಳಿಗ್ಗೇನೆ.”

“ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಇಲ್ಲೇ ಪೆಟ್ಗೆ ನುಡುಸ್ತಿದ್ರು ಕಣ್ಲಾ! ಸೀನಿದ್ದನ್ನೂ ಕೇಳಿವ್ನಿ. ಬಿಸ್ಲಲ್ಲಿ ತಿರುಗಿ ನಿನ್ ಕಣ್ಣು ಕೆಟ್ಟೈತೆ.”

“ನಾನು ಮಾತಾಡ್ಸುದೆ ಕಣಮ್ಮೋ! ‘ಚಟ್ನಿ ಖಾರ’ ಅಂತಂದ್ರು!”

ಅಲ್ಲಿಗೆ ಊರು ಎರಡಾಯಿತು. ದಾಸಪ್ಪನ ಕಡೆಯವರು, ಮೇಷ್ಟ್ರಿಗೆ ಮೌನ ಸಿದ್ಧಿಸಿದೆ, ಒಂದೇ ಹೊತ್ತಿನಲ್ಲಿ ಎರಡು ಊರಿನಲ್ಲಿ ಕಾಣಿಸಿಕೊಳ್ಳುತ್ತಾರೆ ಎಂದರು. ಸಿದ್ಧಪುರುಷರು ಬೋಂಡ ತಿನ್ನುತ್ತಾರೆಯೇ ಎಂದು ಯಾರೋ ಕೇಳಿದ್ದಕ್ಕೆ, ದೇಹ ಎರಡಾದರೆ ಹಸಿವೂ ಎರಡಾಗುವುದಿಲ್ಲವೇ ಎಂದು ದಾಸಪ್ಪನೇ ಸಮಾಧಾನ ಹೇಳಿದನಂತೆ. ಅಶ್ವತ್ಥಪ್ಪನ ಕಡೆಯವರು ನನ್ನ ಮುಖ ನೋಡಿ, ಆಮೇಲೆ ಮುಚ್ಚಿದ ಕಿಟಕಿ ನೋಡಿ, ಕೆಮ್ಮಿದರು. ಮನೆಯಲ್ಲಿ ಯಾರೋ ಗಂಡಸಿದ್ದಾನೆಂದು ನಿಮಗೆ ಬರೆದ ಪುಣ್ಯಾತ್ಮ ಅವರಲ್ಲೊಬ್ಬನಿರಬೇಕು. ಆ ಕೆಮ್ಮು ನನಗೆ ಅರ್ಥವಾದ ದಿನ ಊಟ ಸೇರಲಿಲ್ಲ. ನಿಲ್ಲಿಸಿಬಿಡೋಣವೆಂದರೆ, ನಿಂತ ಕೂಡಲೇ ಆ ಗಂಡಸು ಹೆದರಿ ಓಡಿಹೋದ ಎನ್ನುತ್ತಾರೆ. ನಡೆಸೋಣವೆಂದರೆ ಬಾಗಿಲಿಗೆ ತೆಂಗಿನಕಾಯಿ, ಕರ್ಪೂರ ಹಿಡಿದುಕೊಂಡು ದೂರದ ತಳಿ ಊರಿನ ಕಡೆಯಿಂದಲೂ ಜನ ಬರತೊಡಗಿದ್ದರು. ಒಬ್ಬಾಕೆ ಮಗಳಿಗೆ ಗಂಡು ಗೊತ್ತಾಗಲಿ ಎಂದು ನಿಮ್ಮ ಚಪ್ಪಲಿಗೆ ಕುಂಕುಮ ಇಟ್ಟು ಹೋದಳು. ಅವು ಹಳೆಯ ಚಪ್ಪಲಿ, ನೀವೇ ಎಸೆದುಬಿಡು ಎಂದಿದ್ದವು.

ಮೊನ್ನೆ ಭಾನುವಾರ ಎಲ್ಲ ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಟೀವಿಯಲ್ಲಿ ದೇವರ ಕಥೆ ನೋಡಲು ಬೀದಿಯವರು ಬರುವುದು ಇದ್ದದ್ದೇ. ಮೇಷ್ಟ್ರು ವ್ರತದಲ್ಲಿದ್ದಾರೆ, ಟೀವಿ ಇಲ್ಲ ಎಂದು ಹಿಂದಿನ ವಾರ ಕಳಿಸಿದ್ದೆ. ಈ ವಾರ ಅವರು ಟೀವಿಗಾಗಿ ಬರಲಿಲ್ಲ, ನಿಮಗಾಗಿ ಬಂದರು. ಜಗುಲಿ, ಅಂಗಳ, ಬೀದಿ ತುಂಬಿಹೋಯಿತು. ಅಶ್ವತ್ಥಪ್ಪ ಮೆಟ್ಟಿಲ ಮೇಲೆ ನಿಂತು, “ನಾನು ಸುಳ್ಳುಗಾರ ಅನ್ನುಸ್ಕೊಂಡು ಈ ಬೀದಿಗೆ ಬದ್ನೇಕಾಯಿ ಹಾಕಕ್ಕಾಗಲ್ಲ. ಮೇಷ್ಟ್ರು ಒಂದ್ಸಲ ಮುಖ ತೋರುಸ್ಲಿ, ಕಾಲಿಗ್ ಬೀಳ್ತೀನಿ” ಎಂದ. ಒಳಗೆ ನೀವು ನುಡಿಸುತ್ತಿದ್ದಿರಿ. ವ್ರತಭಂಗವಾಗುತ್ತದೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಆಗ ಕರೆಂಟು ಹೋಯಿತು.

ಮೇಲಿನ ಷಡ್ಜಕ್ಕೆ ಏರಬೇಕಾದ ಜಾಗದಲ್ಲೇ ಹಾಡು ಕತ್ತರಿಸಿದ ಹಾಗೆ ನಿಂತಿತು. ಸ್ವರ ಮುಂದಕ್ಕೆ ಬರಲಿಲ್ಲ. ಕಮಲಮ್ಮ, “ಅಯ್ಯೋ, ಮೇಷ್ಟ್ರಿಗೇನೋ ಆಗ್ಬುಡ್ತು!” ಎಂದು ಚೀರಿ ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲಿಗೆ ಹೆಗಲು ಕೊಟ್ಟರು. ಹಿಂದೆ ಇಡೀ ಬೀದಿ. ನಾನು ಹೊರಗಿನಿಂದ ಬೀಗ ಹಾಕಿದ್ದ ಅಗಳಿ ಕಿತ್ತು ಬಂತು. (ಅಗಳಿ ಇನ್ನೂ ಹಾಕಿಸಿಲ್ಲ.)

ಒಳಗೆ ಜಮಖಾನ, ಕಪ್ಪಗಿದ್ದ ಟೀವಿ, ಮೂಗ ಹಲಗೆ. ಹಿಂಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮನುಷ್ಯರಿಲ್ಲ. ಅಟ್ಟದ ಮೇಲೆ, ಬಚ್ಚಲಿನಲ್ಲಿ, ರಾಗಿ ಡಬ್ಬದ ಹಿಂದೆ ಕೂಡ ಹುಡುಕಿದರು. ಅಶ್ವತ್ಥಪ್ಪನ ಕಡೆಯವರ ಗಂಡಸೂ ಇಲ್ಲ, ದಾಸಪ್ಪನ ಕಡೆಯವರ ಮೇಷ್ಟ್ರೂ ಇಲ್ಲ. ಆಮೇಲೆ ದಾಸಪ್ಪ, “ಮಾಯವಾಗ್ಬುಟ್ರು!” ಎಂದು ಕೂಗಿ ಟೀವಿಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಭಾನುವಾರ ಟೀವಿಗೆ ಕೈಮುಗಿದು ಅಭ್ಯಾಸವಾದ ಜನ, ಒಬ್ಬರಾದ ಮೇಲೊಬ್ಬರು ಬಿದ್ದರು. ಅಶ್ವತ್ಥಪ್ಪನೂ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿದ.

ನಿಜ ಹೇಳುತ್ತೇನೆ, ನಾನು ಸುಮ್ಮನಿದ್ದುಬಿಡಬಹುದಾಗಿತ್ತು. ಬಿಟ್ಟುಹೋದ ಗಂಡನ ಹೆಂಡತಿಗಿಂತ ಮಾಯವಾದ ಸಿದ್ಧಪುರುಷನ ಹೆಂಡತಿಗೆ ಮರ್ಯಾದೆ ಹೆಚ್ಚು. ಯಾರೂ ಕೆಮ್ಮುವ ಹಾಗೂ ಇಲ್ಲ. ಆದರೆ ಸಿದ್ಧಪುರುಷರು ಒಂದು ಸಲ ಮಾಯವಾದರೆ, ಆಮೇಲೆ ಬಸ್ಸಿನಲ್ಲಿ ಬಂದಿಳಿದು ಉಪ್ಪಿಟ್ಟಿಗೆ ಉಪ್ಪು ಸಾಲದು ಎನ್ನುವ ಹಾಗಿಲ್ಲ. ನೀವು ಜೀವಮಾನವಿಡೀ ಕೃಷ್ಣಗಿರಿಯಲ್ಲೇ ಇರಬೇಕಾಗುತ್ತದೆ. ಇನ್ನೊಂದು ಕಾರಣವೂ ಇತ್ತು. ಅಷ್ಟು ದಿನ ಜನ ಕೈ ಪಳಗಿದೆ, ಕೈ ಪಳಗಿದೆ ಎಂದು ಹೊಗಳಿದ್ದು ಯಾರ ಕೈಯನ್ನು?

“ಏಳಿ ಎಲ್ಲರೂ” ಎಂದೆ. “ಅವರು ಮಾಯವಾಗಿಲ್ಲ. ನನ್ನ ಹತ್ತಿರ ಜಗಳವಾಡಿಕೊಂಡು ತಂಗಿ ಮನೆಗೆ ಹೋಗಿದ್ದಾರೆ. ಅಶ್ವತ್ಥಪ್ಪ ಹೇಳಿದ್ದು ಸತ್ಯ. ಇಲ್ಲಿ ನುಡಿಸಿದವಳು ನಾನು.”

ಅಶ್ವತ್ಥಪ್ಪನೊಬ್ಬನಿಗೆ ಸಂತೋಷವಾಯಿತು. ಉಳಿದವರು ನಂಬಲಿಲ್ಲ. ಮಾಯವಾದದ್ದನ್ನು ನಂಬಿದ ಜನಕ್ಕೆ ನಾನು ನುಡಿಸಿದ್ದನ್ನು ನಂಬಲಾಗಲಿಲ್ಲ ನೋಡಿ. “ನೀವು ಜಗುಲೀಲಿ ಕಾಳು ಆರಿಸ್ತಿದ್ರಲ್ಲಮ್ಮ” ಎಂದು ಕಮಲಮ್ಮ ಕೇಳಿದರು. ಯಂತ್ರ ನೆನಪಿಟ್ಟುಕೊಂಡು ನುಡಿಸುವುದನ್ನು ಹೇಳಿದೆ. ತಲೆಯಾಡಿಸಿದರು, ಅರ್ಥವಾಗಲಿಲ್ಲ.

“ಹಂಗಾದ್ರೆ ನಮ್ಮ ಮುಂದೆ ನುಡ್ಸಿ ತೋರ್ಸಿ” ಎಂದ ದಾಸಪ್ಪ.

ಕರೆಂಟು ಬರುವವರೆಗೆ ಎಲ್ಲರೂ ಅಲ್ಲೇ ಕೂತರು. ಬಂದ ಮೇಲೆ ನೋಡಿದರೆ ಯಂತ್ರಕ್ಕೆ ಎಲ್ಲವೂ ಮರೆತುಹೋಗಿತ್ತು. ಅದರ ಸ್ವಭಾವವೇ ಹಾಗೆ. ಮತ್ತೆ ಕ್ಯಾಸೆಟ್ ಹಾಕಿದೆ, ಅದು ಕಿರುಚಿತು, ಎಲ್ಲರೂ ಕಿವಿ ಮುಚ್ಚಿಕೊಂಡರು. “ದಿನಾ ಮೇಷ್ಟ್ರು ಮಂತ್ರ ಹೇಳ್ತಾವ್ರೆ ಅಂದ್ಕಂಡಿದ್ದೆ!” ಎಂದರು ಕಮಲಮ್ಮ.

ನಾನು ಕೂತೆ. ನಿಮ್ಮ ವೇಗಕ್ಕೆ ನುಡಿಸಲು ನನಗೆ ಬರುವುದಿಲ್ಲ. ಆ ವೇಗ ಯಂತ್ರ ಕೊಟ್ಟದ್ದು. ಆದ್ದರಿಂದ ನನಗೆ ಬರುವ ಹಾಗೆ, ಒಂದೊಂದು ಸ್ವರವನ್ನೂ ಕೈಹಿಡಿದು ಕೂರಿಸುವ ಹಾಗೆ ನುಡಿಸಿದೆ. ಒಂದು ಕಡೆ ತಪ್ಪಿತು. ಅಳಿಸುವ ಹಾಗಿರಲಿಲ್ಲ. ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಹಿಡಿದೆ. ಮೇಲಿನ ಷಡ್ಜಕ್ಕೆ ಹೋಗುವ ಮುಂಚೆ ನೀವು ಸತಾಯಿಸುವುದನ್ನು ನಾನು ಮಾಡಲಿಲ್ಲ. ನೇರವಾಗಿ ಹೋಗಿ ಅಲ್ಲಿ ನಿಂತುಕೊಂಡೆ, ಸಾಕೆನಿಸುವವರೆಗೂ. ಯಾರೂ ಎದ್ದುಹೋಗಲಿಲ್ಲ. ಮುಗಿದ ಮೇಲೆ ಕಮಲಮ್ಮ ಕಣ್ಣ ಹತ್ತಿರ ಸೆರಗು ತಂದುಕೊಂಡು, “ಇದು ಇಷ್ಟು ಉದ್ದ ಐತಾ?” ಎಂದರು.

ದಾಸಪ್ಪ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. “ಮೇಷ್ಟ್ರು ನುಡುಸುದ್ರೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋದಂಗಿರ್ತದೆ, ಊರು ಬಂದಿದ್ದೇ ಗೊತ್ತಾಗಕಿಲ್ಲ. ಅಮ್ಮ ನುಡುಸುದ್ರೆ ಬೆಳಿಗ್ಗೇನೆ ತಳಿ ದಾರೀಲಿ ನಡ್ಕೊಂಡೋದಂಗೈತೆ. ತಣ್ಣಗೆ.”

ಈ ಶನಿವಾರದ ಭಜನೆಗೆ ನಾನೇ ಕೂರಬೇಕೆಂದು ಮಂಡಳಿಯವರು ಹೇಳಿಹೋಗಿದ್ದಾರೆ. ಒಪ್ಪಿಕೊಂಡಿದ್ದೇನೆ. ನಿಮ್ಮನ್ನು ಕೇಳಲಿಲ್ಲ ಎನ್ನಬೇಡಿ, ನೀವು ಹೋಗುವಾಗ ನನ್ನನ್ನು ಕೇಳಿದ್ದಿರಾ? ಬೇಕಾದರೆ ಬನ್ನಿ. ಪೆಟ್ಟಿಗೆಯನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರೋಣ. ವೇಗದ ವಿಚಾರದಲ್ಲಿ ಜಗಳವಾಗುತ್ತದೆ, ಆಗಲಿ. ಆದರೆ ಅದನ್ನು ಇಲ್ಲೇ, ನಡುಮನೆಯಲ್ಲಿ ಕೂತು ಆಡೋಣ, ಬಸ್ಸು ಹತ್ತುವುದು ಬೇಡ. ನಕ್ಕಿದ್ದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ನೀವೇ ನೋಡಿದ್ದರೆ ನೀವೂ ನಗುತ್ತಿದ್ದಿರಿ.

ತುಳಸಮ್ಮ ಇನ್ನೊಂದು ವಿಷಯ ಬರೆದಿದ್ದಾಳೆ. ಅಲ್ಲಿ ನೀವು ಊಟವಾದ ಮೇಲೆ ತಟ್ಟೆ ತೊಳೆದಿಡುತ್ತೀರಂತೆ, ತೆಂಗಿನಕಾಯಿ ತುರಿದು ಕೊಡುತ್ತೀರಂತೆ. ಯಾರೋ ಬೇರೆಯವರ ವಿಷಯ ಬರೆದಿದ್ದಾಳೆ ಎಂದುಕೊಂಡು ಕಾಗದದ ಹಿಂದೆ ಮುಂದೆ ನೋಡಿದೆ. ಕೃಷ್ಣಗಿರಿಯಲ್ಲಿ ಕಾಣಿಸಿಕೊಳ್ಳುವ ಆ ಗಂಡಸು ನಿಜವಾಗಿಯೂ ನೀವೇ ಆಗಿದ್ದರೆ, ಇಲ್ಲಿಗೆ ಅವರನ್ನೇ ಕಳಿಸಿಕೊಡಿ. ಮಲ್ಗೋವ ಹಣ್ಣು ಸಿಕ್ಕಿದರೆ ತನ್ನಿ, ಹಣ್ಣಾದದ್ದು ಬೇಡ, ದೋರೆಗಾಯಿ ಸಾಕು.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇನೆ. ಅಂಕ ಎಷ್ಟು ಎಂದು ಬಂದು ಹೇಳಿ.

ಇತಿ, ನಿಮ್ಮ ಮನೆಯಲ್ಲಿ ಹಾರ್ಮೋನಿಯಂ ನುಡಿಸುವ
ಜಲಜ

ತಾ.ಕ.: ಮರ್ಯಾದೆ ಉಳಿಸುವುದಕ್ಕಾಗಿ ದಿನಾ ನಿಮ್ಮ ಹಾಡು ಹಾಕುತ್ತಿದ್ದೆ ಎಂದು ಮೇಲೆ ಬರೆದಿದ್ದೇನೆ. ಭಾನುವಾರ ಇಡೀ ಬೀದಿಗೆ ನಿಜ ಗೊತ್ತಾಯಿತು, ಇನ್ನು ಯಾರಿಂದಲೂ ಮುಚ್ಚಿಡುವುದೇನೂ ಇಲ್ಲ. ಆದರೂ ನಿನ್ನೆ ಬೆಳಿಗ್ಗೆ ಹಾಕಿದೆ. ಇವತ್ತೂ ಹಾಕಿದೆ, ಕಿಟಕಿ ಮುಚ್ಚಿಕೊಂಡು, ಸಣ್ಣ ದನಿಯಲ್ಲಿ, ನಿಮ್ಮ ವೇಗದಲ್ಲಿ. ಇದನ್ನು ತುಳಸಮ್ಮನಿಗೆ ಓದಿ ಹೇಳಬೇಡಿ.